ಬಾವಿಯಲ್ಲಿ ಕರಗದ ಗಣಪತಿ

2022ರಲ್ಲಿ ನಾನು ಬೆಳಗಾವಿಯ ಮಹಾಂತೇಶ ನಗರದ ನನ್ನ ಮನೆಯ ಹಿಂದೆ, ತಗಡಿನ ಶೆಡ್ಡಿನಲ್ಲಿ ಗಣಪತಿ ಮಾಡುತ್ತಿದ್ದೆ. ಆಗ ನನಗೆ ಐವತ್ತೆಂಟು ವರ್ಷ. ಕಸುಬಿಗೆ ಬಿದ್ದು ಮೂವತ್ತೊಂದು ವರ್ಷವಾಗಿತ್ತು. ಅಚ್ಚು ಬಳಸದೆ ಬರಿಗೈಯಲ್ಲಿ ಮಣ್ಣು ತಿದ್ದಿ ಮೂರ್ತಿ ಮಾಡುವವನೆಂದು ನನಗೊಂದು ಹೆಸರಿತ್ತು. ಆ ಹೆಸರಿನ ಸೊಕ್ಕೂ ಇತ್ತು. ಈಗ ಹೇಳಹೊರಟಿರುವುದು ಆ ವರ್ಷ ನಾನು ಮಾಡದೇ ಇದ್ದ ಒಂದು ಮೂರ್ತಿಯ ಸಂಗತಿ.

ನಮ್ಮ ಕಡೆ ಹಳೆಯ ಮನೆತನದವರು ಅಂಗಡಿಗೆ ಬಂದು ಗಣಪತಿ ಆರಿಸಿ ಕೊಳ್ಳುವುದಿಲ್ಲ. ಹಬ್ಬಕ್ಕೆ ಮೂರ್ನಾಲ್ಕು ವಾರ ಮೊದಲೇ ತಮ್ಮ ಮನೆಯ ಮರದ ಮಣೆಯನ್ನು ಮೂರ್ತಿಕಾರನಿಗೆ ಕೊಟ್ಟು ಹೋಗುತ್ತಾರೆ. ಗಣಪತಿ ಆ ಮಣೆಯ ಮೇಲೇ ತಯಾರಾಗಿ ಅವರ ಮನೆಗೆ ಹೋಗಬೇಕು. ಮಣೆ ಯಾರ ಮನೆಯಲ್ಲಿ ಇರುತ್ತದೋ ಹಬ್ಬ ಆ ಮನೆಯದು. ಖಾನಾಪುರದ ಆಚೆ ನಂದಗಡದಿಂದ ಪರಶುರಾಮ ಎಂಬ ರೈತ ಪ್ರತಿ ವರ್ಷ ಮಣೆಯ ಜೊತೆಗೆ ತನ್ನ ಹೊಲದ ಒಂದು ಚೀಲ ಮಣ್ಣನ್ನೂ ಹೊತ್ತು ತರುತ್ತಿದ್ದ. ಹೊಲದ ಮಣ್ಣು ಗಣಪತಿಯಾಗಿ, ಹೊಲದ ಬಾವಿಯಲ್ಲಿ ಕರಗಿ, ಮತ್ತೆ ಹೊಲಕ್ಕೇ ಸೇರಬೇಕು ಎಂಬುದು ಅವರ ಮನೆಯ ನೇಮ.

ಪರಶುರಾಮ ತೀರಿಹೋದ ವರ್ಷ ಅವರ ಮನೆಯಲ್ಲಿ ಹಬ್ಬ ಇರಲಿಲ್ಲ. ಮರುವರ್ಷ, ಅಂದರೆ 2022ರ ನಾಗರ ಪಂಚಮಿ ಕಳೆದ ಮೇಲೆ, ಅವನ ಹೆಂಡತಿ ಶಾಂತವ್ವ ತಾನೇ ಮಣೆ, ಮಣ್ಣು ಎರಡನ್ನೂ ಬಸ್ಸಿನಲ್ಲಿ ತಂದಳು. ಸೆರಗಿನಿಂದ ಮಣೆ ಒರೆಸಿ ನನ್ನ ಮುಂದೆ ಇಟ್ಟಳು.

“ಅಣ್ಣಾರ, ಗಂಡ ಇಲ್ಲದಾಕಿ ಮಣಿ ಮುಟ್ಟಬಾರದಂತ ಭಾವಕಿ ಮಂದಿ ಬ್ಯಾಡ ಅಂದ್ರು. ನಾ ಕೇಳ್ಲಿಲ್ಲ. ನಿಮ್ಮ ಕೈಲೆ ಆದ್ರ ಅವರ ತಂದಂಗ ಆಕ್ಕೈತ್ರಿ.”

ಭಾವಕಿ ಎಂದರೆ ಗಂಡನ ಕಡೆಯ ದಾಯಾದಿಗಳು. ನಾನು “ಚಿಂತಿ ಬಿಡ್ರಿ ಅಕ್ಕಾರ” ಎಂದೆ. ಹೇಳುವುದು ಬಲು ಸುಲಭ.

ಅದಕ್ಕೆ ಒಂದು ವಾರ ಮೊದಲು ಒಂದು ಗಲ್ಲಿಯ ಮಂಡಳದವರು, ಸಾರ್ವಜನಿಕ ಗಣಪತಿ ಕೂರಿಸುವ ತರುಣರು, ನನ್ನ ಶೆಡ್ಡಿಗೆ ಬಂದಿದ್ದರು. ಅರ್ಧ ಆಗಿದ್ದ ಮೂರ್ತಿಯನ್ನು ನೋಡಿ ಒಬ್ಬ ಹೇಳಿದ: “ಕಾಕಾ, ನಿಮ್ಮ ಗಣಪತಿ ಎಲ್ಲಾ ಒಂದ ನಮೂನಿ ಆಗ್ಯಾವ. ಮಾರಿ ಮ್ಯಾಲ ಕಳಾ ಇಲ್ರಿ.” ಆರ್ಡರು ಬೇರೆಯವರಿಗೆ ಹೋಯಿತು. ನಕ್ಕು ಕಳಿಸಿದೆನಾದರೂ ಆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಹಿಂದಿನ ವರ್ಷಗಳ ಫೋಟೋಗಳನ್ನು ಸಾಲಾಗಿ ಹರಡಿ ನೋಡಿದೆ. ಹುಡುಗ ಸುಳ್ಳು ಹೇಳಿರಲಿಲ್ಲ.

ಅಂದಿನಿಂದ ಕೈ ಓಡಲಿಲ್ಲ. ಉಳಿದ ಮೂರ್ತಿಗಳನ್ನು ರೂಢಿಯ ಬಲದಲ್ಲಿ ಹೇಗೋ ಮುಗಿಸಿದೆ. ಶಾಂತವ್ವನದು ಮಾತ್ರ ಆಗಲಿಲ್ಲ. ಆಕೆ ಇಟ್ಟುಕೊಂಡಿದ್ದ ನಂಬಿಕೆಯೇ ನನ್ನ ಹೆದರಿಕೆಯಾಗಿತ್ತು. ಅವಳ ಮಣೆಯ ಮೇಲೆ ಐದು ಸಲ ಮುಖ ಮಾಡಿದೆ. ಒಮ್ಮೆ ಸೊಂಡಿಲು ಸತ್ತಂತೆ ಜೋತುಬಿತ್ತು, ಒಮ್ಮೆ ಕಣ್ಣು ಬಿಟ್ಟುಕೊಂಡ ಹಾಗಾಯಿತು. ಐದು ಸಲವೂ ಮುರಿದು ಮುದ್ದೆ ಮಾಡಿದೆ. ಮಣ್ಣಿನಲ್ಲಿ ಮರಳು ಹೆಚ್ಚು ಎಂದೆ, ಮಳೆಗೆ ಒಣಗುತ್ತಿಲ್ಲ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಆಗಸ್ಟ್ 31ಕ್ಕೆ ಚತುರ್ಥಿ. ನಾಲ್ಕು ದಿನ ಉಳಿದಾಗ ನಾನು ಊರ ಹೊರಗೆ ತಾಡಪತ್ರಿ ಮುಚ್ಚಿ ನಿಂತಿದ್ದ ಟೆಂಪೋದಿಂದ ಒಂದು ಪಿಒಪಿ ಗಣಪತಿ ಕೊಂಡು ತಂದೆ. ಪಿಒಪಿ ಎಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಅಚ್ಚಿಗೆ ಸುರಿದರೆ ಗಳಿಗೆಯಲ್ಲಿ ಗಟ್ಟಿಯಾಗುವ ಬಿಳಿ ಪುಡಿ. ನೀರಿನಲ್ಲಿ ಕರಗುವುದಿಲ್ಲ, ಅದಕ್ಕೇ ಅದರ ಮೂರ್ತಿಗಳಿಗೆ ನಿಷೇಧವಿದೆ. ಒಳಗೆ ಪೊಳ್ಳು, ಕೈಗೆ ಹಗುರ. ಎತ್ತಿದ ಕೂಡಲೇ ಶಾಂತವ್ವನಿಗೆ ಗೊತ್ತಾಗುತ್ತದೆಂದು, ಆ ಪೊಳ್ಳಿನೊಳಗೆ ಅವಳ ಹೊಲದ ಮಣ್ಣನ್ನೇ ತುಂಬಿ, ತಳ ಮುಚ್ಚಿ, ಮಣೆಗೆ ಕೂರಿಸಿದೆ. ಅದರ ಬಣ್ಣ ಕೆರೆದು ನನ್ನ ಬಣ್ಣ ಬಳಿದೆ. ಅವಳ ಮಣ್ಣೂ ಇದೆ, ನನ್ನ ಕೈಯೂ ಇದೆ, ಕರಗದಿದ್ದರೂ ಬಾವಿಯ ಆಳದಲ್ಲಿ ಯಾರಿಗೆ ಕಾಣುತ್ತದೆ, ಇನ್ನೇನು ಬೇಕು ಎಂದು ಮನಸ್ಸಿಗೆ ತಿಳಿಹೇಳಿದೆ. ಇದನ್ನು ಬರೆಯುವಾಗ ಈಗಲೂ ನನಗೆ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಹಬ್ಬದ ದಿನ ಶಾಂತವ್ವ ಮೂರ್ತಿಯನ್ನು ನೋಡಿ ಕಣ್ಣು ತುಂಬಿಕೊಂಡಳು. “ಎಷ್ಟ ಚಂದ ಆಗೇತ್ರಿ ಅಣ್ಣಾರ” ಎಂದಳು. ನಾನು ಕೈಮುಗಿದೆ.

ದೀಪಾವಳಿಗೆ ಮುಂಚೆ ಅವಳ ಫೋನು ಬಂತು. ಒಮ್ಮೆ ಬಂದು ಹೋಗಿರೆಂದಳು. ಯಾಕೆಂದು ಹೇಳಲಿಲ್ಲ. ಖಾನಾಪುರದಲ್ಲಿ ಬಸ್ಸು ಬದಲಿಸಿ ನಂದಗಡಕ್ಕೆ ಹೋದೆ. ಹೊಲದಲ್ಲಿ ಭತ್ತ ತೆನೆಗೆ ಬಂದಿತ್ತು. ಕೆಟ್ಟ ಪಂಪನ್ನು ಮೇಲೆತ್ತಲು ಬೇರೆ ಪಂಪು ಹಚ್ಚಿ ಬಾವಿಯ ನೀರು ಇಳಿಸಿದ್ದರು. ಒಳಗಿನ ಕಲ್ಲಿನ ಮೆಟ್ಟಿಲ ಮೇಲೆ ಗಣಪತಿ ಕೂತಿದ್ದ. ಬಣ್ಣವೆಲ್ಲ ಹೋಗಿ ಬೆಳ್ಳಗಾಗಿದ್ದ. ಒಂದು ಬೆರಳೂ ಮುಕ್ಕಾಗಿರಲಿಲ್ಲ.

“ಮಣ್ಣು ಈ ವರ್ಷ ಗಟ್ಟಿ ಇತ್ತೇನೋ ಅಕ್ಕಾರ” ಎಂದೆ. ಅಲ್ಲಿಯೂ ಸುಳ್ಳು!

ಶಾಂತವ್ವ ತಲೆ ಅಲ್ಲಾಡಿಸಿದಳು. “ಮಣ್ಣಿಂದಲ್ರಿ. ತಪ್ಪ ನಂದ ಐತಿ. ನಾ ಮಣಿ ಮುಟ್ಟಿದ್ದಕ್ಕ ದೇವರು ಹೋಗವಲ್ಲ ಅಂತ ಎಲ್ಲಾರೂ ಅನ್ನಾಕತ್ತಾರ. ಮುಂದಿನ ವರ್ಷದಿಂದ ಮಣಿ ಮೈದುನನ ಮನಿಗೆ ಅಂತ ಠರಾವ ಆಗೇತಿ. ಐದು ಮಂಗಳವಾರ ಉಪವಾಸ ಮಾಡೇನಿ, ಆದ್ರೂ ಕರಗವಲ್ಲ. ಏನ ಮಾಡಿದ್ರ ಹೋಕ್ಕಾನ, ಹೇಳ್ರಿ.”

ಅವಳಿಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ. ದೇವರನ್ನು ಮಾಡಿದವನಿಗೆ ದೇವರ ಸಿಟ್ಟು ಇಳಿಸುವ ದಾರಿಯೂ ಗೊತ್ತಿರುತ್ತದೆಂದು ಕರೆಸಿದ್ದಳು. ಒಂದು ಶಾಂತಿ ಮಾಡಿಸಿ ಎಂದು ಹೇಳಿ ಬಸ್ಸು ಹತ್ತಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಉಪವಾಸದಿಂದ ಒಣಗಿದ ಅವಳ ತುಟಿ ನೋಡಿ ಅದು ಹೊರಬರಲಿಲ್ಲ. ಎಲ್ಲವನ್ನೂ ಹೇಳಿದೆ.

ಅವಳು ಬಾವಿಯ ಕಟ್ಟೆಗೆ ಕೈಯೂರಿ ಕೂತಳು. ಆಮೇಲೆ, “ಯಾಕ್ರೀ?” ಎಂದು ಕೇಳಿದಳು.

“ಕೈ ಓಡಲಿಲ್ರಿ. ಮಾಡಿದ್ದೆಲ್ಲ ಕೆಟ್ಟ ಬರಾಕತ್ತಿತ್ತು.”

“ಕೆಟ್ಟದ್ದನ್ನ ಕೊಡಬೇಕಿತ್ರಿ. ಕರಗತಿತ್ತು.”

ಮೂವತ್ತೊಂದು ವರ್ಷದಲ್ಲಿ ನನಗೆ ಹೊಳೆಯದ ಮಾತು. ಅವಳು ಅಲ್ಲಿಗೇ ಬಿಡಲಿಲ್ಲ. “ನನ್ನ ಮುಂದ ಹೇಳಿದ್ರ ಆಗೂದಿಲ್ಲ, ಬರ್ರಿ” ಎಂದು ಮೈದುನನ ಮನೆಗೆ ಕರೆದುಕೊಂಡು ಹೋದಳು. ಕಟ್ಟೆಯ ಮೇಲೆ ಅವನೂ ಭಾವಕಿಯ ನಾಲ್ವರು ಹಿರಿಯರೂ ಕೂತಿದ್ದರು. ಕುಂದರ್ರಿ ಎಂದರು, ನಾನು ಕೂರಲಿಲ್ಲ. ನಿಂತೇ ಮತ್ತೊಮ್ಮೆ ಹೇಳಿದೆ: ಟೆಂಪೋ, ಪಿಒಪಿ, ಪೊಳ್ಳಿಗೆ ತುಂಬಿದ ಮಣ್ಣು. ಹಿರಿಯರೊಬ್ಬರು ಎದ್ದು ಒಳಗೆ ಹೋದರು. ಮೈದುನ, “ಥೂ, ನಮ್ಮ ಅಣ್ಣ ನಿಮ್ಮನ್ನ ದೇವರಂಗ ನಂಬಿದ್ನಲ್ರಿ” ಎಂದ. ಆ ಠರಾವು ಬಿದ್ದುಹೋಗಿ ಮಣೆ ಶಾಂತವ್ವನ ಮನೆಯಲ್ಲೇ ಉಳಿಯಿತು.

ನನಗೆ ಈ ಕಸುಬು ಕಲಿಸಿದ ಪಾಠ ಇಷ್ಟೇ. ಕೈ ಓಡದ ದಿನಗಳು ಬರುತ್ತವೆ, ನನ್ನ ಕಾಲ ಮುಗಿಯಿತೆನ್ನಿಸುವ ದಿನಗಳೂ ಬರುತ್ತವೆ. ಅಂಥ ದಿನವೂ ಮಣ್ಣು ಕಲಸಿ ಕೂರಬೇಕು, ಬಂದಷ್ಟನ್ನು ಮಾಡಬೇಕು, ಸಾಧಾರಣವಾದದ್ದನ್ನು ಸಾಧಾರಣವೆಂದೇ ಹೇಳಿ ಕೊಡಬೇಕು. ಈಗ ಹಾಗೆಯೇ ಮಾಡುತ್ತೇನೆ. ಕೆಲವರು ಮುಖ ನೋಡಿ ಬೇಡವೆಂದು ಹೋಗುತ್ತಾರೆ. ಎರಡು ವರ್ಷದಿಂದ ಮುಖಗಳೂ ಒಂದೊಂದು ಬೇರೆ ಬೇರೆಯಾಗಿ ಬರತೊಡಗಿವೆ.

2023ರ ಹಬ್ಬಕ್ಕೆ ಶಾಂತವ್ವನ ಮಣೆ ಬರಲಿಲ್ಲ. ತಾಳಲಾರದೆ ಚತುರ್ಥಿಯ ಮರುದಿನ ನಾನೇ ನಂದಗಡಕ್ಕೆ ಹೋದೆ. ಗಣಪತಿಯನ್ನು ಅವಳೇ ಮಾಡಿದ್ದಳು. ಒಂದು ಕಿವಿ ದೊಡ್ಡದು, ಸೊಂಡಿಲು ಬಾಳೆಕಾಯಿಯಂತೆ ಮೊಂಡು. ಪ್ರಸಾದ ಕೊಟ್ಟು, “ಹ್ಯಾಂಗ ಆಗೇತ್ರಿ?” ಎಂದಳು. ಚೆನ್ನಾಗಿದೆ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು, ನಿಜ ಹೇಳುತ್ತಿದ್ದೇನೋ ಇಲ್ಲವೋ ಎಂದು.