ಲೋಟಕ್ಕೆ ಹತ್ತದ ಕೆಂಪು

“ಇವತ್ತಾದರೂ ನಿಲ್ಲುತ್ತದಾ ಇದು?”

ರಾಜೀವಿ ಕೇಳುವುದು ಯಾರನ್ನೂ ಅಲ್ಲ. ಜೋಗೇಶ್ವರಿಯ ಚಾಳಿನ ಕೊನೆಯ ಖೋಲಿಗೆ ಈಗಷ್ಟೇ ಬೆಳಕು ಬರುತ್ತಿದೆ. ತುಟಿಗೆ ಹೊಸ ಕೆಂಪು ಬಳಿದು, ಹಿತ್ತಾಳೆ ಲೋಟದಲ್ಲಿ ಬಿಸಿ ಚಾ ಗುಟುಕರಿಸಿ, ಲೋಟವನ್ನು ಬಾಗಿಲಿಗೆ ಹಿಡಿಯುತ್ತಾರೆ. ಅಂಚಿನಲ್ಲಿ ಕಲೆ. ಒರೆಸುತ್ತಾರೆ. ಹೊರಗೆ ಇಣುಕಿ ಒಲೆಗೆ ಮರಳುತ್ತಾರೆ, ಮತ್ತೆ ಬಾಗಿಲು.

ಒಂಬತ್ತಕ್ಕೆ ಮುರಿಗೆಪ್ಪ ಬರಲಿದ್ದಾರೆ. ದಾದರಿನಲ್ಲಿ ಅವರದು ಬಳೆ ಅಂಗಡಿ; ರಾಜೀವಿಯವರು ಈ ಖೋಲಿಯಲ್ಲೇ ಕಾಯಿಸುವ, ಊರಿನ ಕೆಂಪು ಹೂವಿನ ಹೆಸರು ಹೊತ್ತ ‘ಕೇಪುಳ’ ತುಟಿಬಣ್ಣ ಇಡುವುದು ಅದೊಂದೇ ಅಂಗಡಿ. “ಬಣ್ಣ ತಿಳಿ ಮಾಡ್ರಿ, ಇಲ್ಲಾಂದ್ರ ಡಬ್ಬಿ ವಾಪಸ್ ಒಯ್ರಿ” ಎಂದು ಹೋದ ವಾರ ಹೇಳಿ ಕಳಿಸಿದ್ದಾರೆ. ಇವತ್ತು ಉತ್ತರ ಕೊಡಬೇಕು. ಅಂಗಡಿ ತಪ್ಪಿದರೆ ಇಲ್ಲಿ ದುಡಿಯುವ ಮೂವರು ಹೆಂಗಸರೂ ಮನೆಗೆ.

ಉಡುಪಿ ಕಡೆಯ ರಾಜೀವಿ ಮುಂಬಯಿಗೆ ಬಂದದ್ದು ಸ್ವಾತಂತ್ರ್ಯ ಸಿಕ್ಕ ವರ್ಷ. ಹೊಟೇಲಿನ ಭಟ್ಟಿಯ ಹೊಗೆಗೆ ಎದೆ ಕೆಡಿಸಿಕೊಂಡ ಗಂಡ ಊರು ಸೇರಿದರು; ಇವರು ಇಲ್ಲೇ ಉಳಿದರು. ಪಕ್ಕದ ಖೋಲಿಯ ಅಕ್ಕು ಗೋರೆಗಾಂವ್ ಸಿನಿಮಾ ಸ್ಟುಡಿಯೋದಲ್ಲಿ ಗುಂಪಿನ ದೃಶ್ಯಕ್ಕೆ ನಿಲ್ಲುತ್ತಿದ್ದವಳು. ಒಂದು ಸಂಜೆ ಅಲ್ಲಿ ತುಟಿಗೆ ಹಚ್ಚಿದ ವಿಲಾಯತಿ ಗುಲಾಬಿ ಬಣ್ಣದಲ್ಲೇ ಮನೆಗೆ ಬಂದಳು.

“ನಮ್ಮ ಕಪ್ಪು ಮೋರೆಗೆ ಅದು ಬೂದಿ ಬಳಿದ ಹಾಗೆ ಮಾರಾಯ್ರೆ! ಕನ್ನಡಿ ನೋಡಿ ಅತ್ತುಬಿಟ್ಟಳು. ನಾವು ಸಣ್ಣದಿರುವಾಗ ಬಸಳೆ ಹಣ್ಣು ಹಿಂಡಿ ಹಚ್ಚುತ್ತಿದ್ದೆವು, ಎಷ್ಟು ಚಂದ ಕಾಣುತ್ತಿತ್ತು! ಆವತ್ತೇ ಹಠ ಬಂತು,” ಎಂದು ರಾಜೀವಿ ಈಗಲೂ ಹೇಳುತ್ತಾರೆ.

ಈಗ ನಾಲ್ಕು ಬಣ್ಣ: ಕೇಪುಳ, ದಾಸವಾಳ, ಬಸಳೆ, ಗೇರುಹಣ್ಣು. ದಿನಕ್ಕೆ ಅರವತ್ತು ಡಬ್ಬಿ. ಜೇನುಮೇಣ, ಹರಳೆಣ್ಣೆ ಕರಗಿಸಿ ಬಣ್ಣ ಕದಡಲು ಗಡಿಯಾರವಿಲ್ಲ. ಅಪ್ಪ ಮಳೆಗಾಲದ ಸಂಜೆಗಳಲ್ಲಿ ರಾಗವಾಗಿ ಓದುತ್ತಿದ್ದ ಸೀತಾ ಸ್ವಯಂವರದ ಪದ್ಯಗಳೇ ಅಳತೆ. ಕೆಂಪಿಗೆ ಹದಿನೆಂಟು ಪದ್ಯ. ಇವತ್ತು ಹನ್ನೆರಡನೆಯದರಲ್ಲಿ ಸಾಲು ತಪ್ಪುತ್ತದೆ. “ದೇವರೇ” ಎಂದು ಸೌಟು ಬಿಡದೆ ಮೊದಲಿನಿಂದ ಶುರು.

“ಎಂತ ರಾಜೀವಕ್ಕ, ಇವತ್ತು ರಾಮನಿಗೆ ಎರಡೆರಡು ಸಲ ಮದುವೆಯಾ?” ಈಗ ಇಲ್ಲೇ ದುಡಿಯುವ ಅಕ್ಕು ಡಬ್ಬಿ ತೊಳೆಯುತ್ತ ಕಿಚಾಯಿಸುತ್ತಾಳೆ.

“ಸುಮ್ಮನಿರು. ಸೀತೆಗೆ ತಕರಾರಿಲ್ಲ, ನಿನಗೆಂತ?”

ತಣಿದ ಕೆಂಪನ್ನು ತುಟಿಗೆ ಹಚ್ಚಿ ಮತ್ತೆ ಚಾ ಗುಟುಕರಿಸುತ್ತಾರೆ. ಅಷ್ಟು ಹೊತ್ತು ಕದಡಿದ್ದಕ್ಕೋ ಏನೋ, ಈ ಸಲ ಲೋಟದ ಅಂಚು ತೊಳೆದಿಟ್ಟ ಹಾಗಿದೆ. ನಾಲ್ಕು ತಿಂಗಳ ಪ್ರಯತ್ನದಲ್ಲಿ ಮೊದಲ ಬಾರಿ. ರಾಜೀವಿ ಲೋಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಿರುವಾಗಲೇ ಬಾಗಿಲಲ್ಲಿ ಮುರಿಗೆಪ್ಪ, ಕೈಯಲ್ಲೊಂದು ಪೊಟ್ಟಣ.

“ನಿಮ್ಮ ಕೈಗುಣ ಚಲೋ ಐತ್ರಿ ಅಕ್ಕಾರ. ಈ ಬಿಳಿ ಪುಡಿ ಒಂದ ಚಮಚ ಬೆರೆಸ್ರಿ, ಸಾಕು. ಮರ್ಯಾದಸ್ಥರ ಮನಿ ಹೆಣ್ಮಕ್ಕಳು ಇಷ್ಟು ಗಾಢ ಹಚ್ಚಂಗಿಲ್ಲ. ತಿಳಿ ಆದ್ರ ದಾದರ್ ಅಷ್ಟ ಅಲ್ಲ, ಗಿರಗಾಂವ್‌ದಾಗೂ ಇಡಿಸ್ತೀನಿ.”

ರಾಜೀವಿ ಅಕ್ಕುವನ್ನು ಹತ್ತಿರ ಕರೆದು, ಹೊಸ ಕೆಂಪನ್ನು ಬೆರಳಲ್ಲಿ ತೆಗೆದು ಅವಳ ತುಟಿಗೆ ಹಚ್ಚುತ್ತಾರೆ. ಬೆಳಕಿನತ್ತ ಅವಳ ಗಲ್ಲ ತಿರುಗಿಸಿ ಒಂದು ಗಳಿಗೆ ನೋಡುತ್ತಾರೆ. ಬೆಳಗ್ಗಿನಿಂದ ನಿಲ್ಲದ ಕಾಲು ಈಗ ನಿಂತಿದೆ. ಪೊಟ್ಟಣವನ್ನು ಹಿಂದಕ್ಕೆ ಸರಿಸುತ್ತಾರೆ.

“ಚಾ ಕುಡಿದು ಹೋಗಿ. ನಾಳೆ ನಾನೇ ಅಂಗಡಿಗೆ ಬಂದು ಡಬ್ಬಿ ವಾಪಸ್ ಒಯ್ಯುತ್ತೇನೆ. ಬಿಳಿ ಬೆರೆಸುವುದಿಲ್ಲ.”