ದೂರ ಒಪ್ಪದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ರುದ್ರಪ್ಪನವರ ಎದುರು ‘ದೂರ’ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಆಡಿದರೆ ಅಂಗಿ ಜೇಬಿನಿಂದ ಮೊಬೈಲ್ ತೆಗೆದು, ಬಾಯಿಯ ಹತ್ತಿರ ಹಿಡಿದು ಎರಡು ಊರುಗಳ ಹೆಸರು ಹೇಳುತ್ತಿದ್ದರು. ಕಿಲೋಮೀಟರು, ಗಂಟೆ, ನಿಮಿಷ ಎಲ್ಲ ಬರುತ್ತಿತ್ತು. “ನೋಡು ಮಾರಾಯ, ವಿಮಾನದಲ್ಲಿ ಇಷ್ಟೇ” ಎಂದು ಅದನ್ನು ಎದುರಿನವರ ಮೂಗಿಗೆ ತಾಗಿಸುತ್ತಿದ್ದರು.

ಗೋಣಿಬೀಡಿನಲ್ಲಿ ಅವರದು ಟಾರ್ಪಾಲು, ಕತ್ತಿ, ಸ್ಪ್ರೇಯರ್ ಮಾರುವ ಅಂಗಡಿ. ಜೀವಮಾನದಲ್ಲಿ ಒಮ್ಮೆ ಮಾತ್ರ ವಿಮಾನ ಹತ್ತಿದ್ದರು, ಕಾಶಿಗೆ. ಬೆಂಗಳೂರಿನವರೆಗೆ ಬಸ್ಸಿನಲ್ಲಿ ಕೂತು ಸೊಂಟ ನೋಯಿಸಿಕೊಂಡವರಿಗೆ, ಅಲ್ಲಿಂದ ಕಾಶಿ ಅದಕ್ಕಿಂತ ಬೇಗ ಬಂದುಬಿಟ್ಟಿದ್ದು ತಲೆಗೇರಿತು. ಅಂದಿನಿಂದ ಊರಿಗೆ ಬಾರದವರ ನೆಪವೆಲ್ಲ ಅವರಿಗೆ ಸುಳ್ಳಾಗಿ ಕಂಡಿತು. ಕೆಟ್ಟ ಮನುಷ್ಯ ಎನ್ನಲಾರೆ. ನಮ್ಮ ಅಂಗಳದಲ್ಲಿ ಕಾಫಿ ಹರವಿದಾಗ ಮೋಡ ಕಟ್ಟಿದರೆ ಕರೆಯದೆಯೇ ಟಾರ್ಪಾಲು ಹೊತ್ತು ಬರುತ್ತಿದ್ದರು. ನಾಲಿಗೆಗೆ ಮಾತ್ರ ಕರುಣೆ ಇರಲಿಲ್ಲ.

ತೋಟದ ಕೆಲಸಕ್ಕೆ ಬರುತ್ತಿದ್ದ ಗಿರಿಜಮ್ಮನ ಮಗ ದುಬೈಯಲ್ಲಿದ್ದ. ಊರಿಗೆ ಬಂದು ವರ್ಷಗಳಾಗಿದ್ದವು. ಯಾರು ಕೇಳಿದರೂ ಆಕೆ, “ದೂರ ಅಲ್ವಾ, ಬರೋಕ್ಕಾಗುತ್ತಾ” ಎಂದು ನಗುತ್ತಿದ್ದಳು. ಒಮ್ಮೆ ಅದು ದೊಡ್ಡಪ್ಪನ ಕಿವಿಗೆ ಬಿತ್ತು.

“ಯಾವ ದೂರನೇ? ಮಂಗ್ಳೂರಿಂದ ದುಬೈ ನಾಲ್ಕು ಗಂಟೆನೂ ಇಲ್ಲ. ಕೊಟ್ಟಿಗೆಹಾರದಿಂದ ಮಂಗ್ಳೂರಿಗೆ ಬಸ್ಸಲ್ಲಿ ಹೋದಷ್ಟೇ. ದೂರ ಇರೋದು ಅವ್ನ ಮನ್ಸಲ್ಲಿ.”

ಕಾಫಿ ಕೊಯ್ಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಗಿರಿಜಮ್ಮ ಮತ್ತೆ ಮಗನ ಸುದ್ದಿ ಎತ್ತಲಿಲ್ಲ.

ಅಮ್ಮ ಹಾಸಿಗೆ ಹಿಡಿದಾಗ ಅಕ್ಕ ಕೋಲ್ಕತ್ತಾದಲ್ಲಿದ್ದಳು. ಬಾ ಎಂದು ಫೋನ್ ಮಾಡಿದ್ದೆ. ತನ್ನಿಷ್ಟದಂತೆ ಮದುವೆಯಾಗಿದ್ದಳು, ಅಮ್ಮ ಆ ಮದುವೆಗೆ ಹೋಗಿರಲಿಲ್ಲ, ಅಕ್ಕ ಅದನ್ನು ಮರೆತಿರಲಿಲ್ಲ. ಗೇಟಿನ ಬಳಿ ಗಾಡಿಯ ಸದ್ದಾದರೆ ಅಮ್ಮ, “ಅವ್ಳಾ?” ಎಂದು ತಲೆ ಎತ್ತುತ್ತಿದ್ದಳು. ಅಲ್ಲವೆಂದರೆ, “ದೂರ ಅಲ್ವಾ ಪಾಪ, ಹೊರಟಿರ್ತಾಳೆ” ಎಂದು ನನಗೇ ಸಮಾಧಾನ ಹೇಳುತ್ತಿದ್ದಳು. ಆ ಒಂದು ಮಾತು ಹಿಡಿದುಕೊಂಡೇ ದಿನ ತಳ್ಳುತ್ತಿದ್ದಳು.

ನಾನು ಗಂಜಿ ತರುವಷ್ಟರಲ್ಲಿ ದೊಡ್ಡಪ್ಪ ಮಂಚದ ಪಕ್ಕ ಕೂತು ಮೊಬೈಲ್ ತೆಗೆದಾಗಿತ್ತು.

“ನೋಡಮ್ಮ, ಕೋಲ್ಕತ್ತಾದಿಂದ ಬೆಂಗ್ಳೂರು ಎರಡೂವರೆ ಗಂಟೆ. ಅಲ್ಲಿಂದ ಕಾರಲ್ಲಿ ಐದು. ಅಲ್ಲಿ ತಿಂಡಿ ತಿಂದು ಹೊರಟ್ರೆ ರಾತ್ರಿ ಊಟಕ್ಕೆ ಇಲ್ಲಿ. ನೀನು ಮಲಗಿ ತಿಂಗ್ಳಾಯ್ತು. ಬರೋ ಮನ್ಸಿಲ್ಲ ಅವ್ಳಿಗೆ. ಸುಮ್ನೆ ಯಾಕೆ ಕಾಯ್ತೀಯ?”

“ಅಷ್ಟು ಹತ್ರನಾ ಭಾವ?” ಎಂದಳು ಅಮ್ಮ.

ಆಮೇಲೆ ಗೋಡೆಯ ಕಡೆ ತಿರುಗಿದಳು. ಗಂಜಿ ಮುಟ್ಟಲಿಲ್ಲ. ಮರುದಿನ ಗೇಟಿನಲ್ಲಿ ಜೀಪು ನಿಂತರೂ ತಲೆ ಎತ್ತಲಿಲ್ಲ. ದೊಡ್ಡಪ್ಪನ ಮೇಲೆ ಅವತ್ತು ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ವಾರದೊಳಗೆ ಅಮ್ಮ ಹೋದಳು.

ಮಣ್ಣು ಮಾಡಿದ ಮಾರನೆಯ ದಿನ ಅಕ್ಕ ಬಂದಳು. ದೊಡ್ಡಪ್ಪ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವರ ಕಾಲ ಬಳಿ ಕುಸಿದು ಕೂತು ಕೇಳಿದಳು: “ಕೊನೇಗೆ ಅಮ್ಮ ನನ್ನ ಕೇಳಿದ್ಲಾ ದೊಡ್ಡಪ್ಪ?”

ಹೌದೆನ್ನಿ ಎಂದು ನಾನು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದೆ. ಅವರು ನನ್ನನ್ನು ನೋಡಿದರು. ಲೋಟ ಕೆಳಗಿಟ್ಟರು.

“ಇಲ್ಲ. ಕೊನೇ ವಾರ ನಿನ್ನ ಹೆಸ್ರೇ ಎತ್ಲಿಲ್ಲ” ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮರುವರ್ಷ ದೊಡ್ಡಪ್ಪ ತೀರಿಕೊಂಡ ದಿನ, ಬೆಳಗಾಗುತ್ತಲೇ ಕೋಲ್ಕತ್ತಾದಲ್ಲಿದ್ದ ಅಕ್ಕನಿಗೆ ಫೋನ್ ಮಾಡಿ ತಿಳಿಸಿದೆ. ಬಾ ಎಂದು ಕರೆಯಲಿಲ್ಲ. ಸಂಜೆ ಹೆಣ ಎತ್ತುವ ಮೊದಲೇ ಅವಳು ಗೋಣಿಬೀಡಿನ ಅಂಗಡಿ ಮುಂದೆ ಕಾರಿಳಿದಳು.