ಗಾಳದ ತುದಿಯ ಗೆಜ್ಜೆ

ನಮ್ಮವರಿಗೆ ಇರುವುದು ಫಿಟ್ಸ್ ಎಂದು ಗೊತ್ತಾದ ದಿನ ಡಾಕ್ಟರಮ್ಮ ಬೆರಳು ಮಡಚುತ್ತಾ ಹೇಳಿದ್ದರು: ಗಾಡಿ ಓಡಿಸಬಾರದು, ಮೆಷಿನ್ ಮುಂದೆ ನಿಲ್ಲಬಾರದು, ಒಲೆಯ ಹತ್ತಿರ ಒಬ್ಬರೇ ಇರಬಾರದು, ನೀರಿನ ಹತ್ತಿರವಂತೂ ಹೋಗಲೇಬಾರದು. ಗಾಡಿಗೂ ಮೆಷಿನ್ನಿಗೂ ಒಲೆಗೂ ನಮ್ಮವರು ಒಳ್ಳೆಯ ಹುಡುಗನ ಹಾಗೆ ತಲೆಯಾಡಿಸಿದರು. ನೀರಿನ ಮಾತು ಬಂದಾಗ ಮಾತ್ರ ಕಿಟಕಿಯ ಹೊರಗೆ ನೋಡತೊಡಗಿದರು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಒಂದು ಜನರೇಟರ್ ಇತ್ತು.

ನಾನು ಕಾಡುಗೋಡಿಯ ಪಕ್ಕದ ಹಳ್ಳಿಯಲ್ಲೇ ಹುಟ್ಟಿ ಬೆಳೆದವಳು. ನಮ್ಮ ಹಳ್ಳಿಯಲ್ಲಿ ಕೆರೆ ಎಂದರೆ ಎಮ್ಮೆ ತೊಳೆಯುವ ಜಾಗ, ಅಷ್ಟೇ. ನಮ್ಮವರು ಬಾಗಲಕೋಟೆ ಕಡೆ, ಕೃಷ್ಣೆಯ ದಂಡೆಯವರು. ಅಕ್ಷರ ಕಲಿಯುವ ಮೊದಲೇ ಗಾಳಕ್ಕೆ ಎರೆಹುಳು ಸಿಕ್ಕಿಸಲು ಕಲಿತವರು. ಇಲ್ಲಿಗೆ ಬಂದು ಕಾರ್ಖಾನೆ ಸೇರಿ, ಅದೇ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿದ್ದ ನನ್ನನ್ನು ಕಟ್ಟಿಕೊಂಡ ಮೇಲೂ ಆ ಹುಚ್ಚು ಬಿಡಲಿಲ್ಲ. ಸುತ್ತಮುತ್ತಲ ಕಾರ್ಖಾನೆಗಳಲ್ಲಿ ದುಡಿಯುವವರು, ದುಡಿದು ರಿಟೈರಾದವರು, ಈಚೆಗೆ ಒಬ್ಬಿಬ್ಬರು ಐಟಿಯವರು ಸೇರಿ ಒಂದು ಗಾಳದ ಸಂಘ ಮಾಡಿಕೊಂಡಿದ್ದಾರೆ. ಸಂಘ ಎಂದರೆ ಬೋರ್ಡೂ ಇಲ್ಲ, ಆಫೀಸೂ ಇಲ್ಲ. ಹೊಸಕೋಟೆ ದಿಕ್ಕಿನ ಒಂದು ಕೆರೆಯಲ್ಲಿ ಭಾನುವಾರ ಬೆಳಿಗ್ಗೆ ಗಾಳ ಹಾಕಲು ಒಪ್ಪಿಗೆ ಇದೆ, ಒಂದು ಟೀ ಫ್ಲಾಸ್ಕ್ ಇದೆ.

ಮಳೆಗಾಲದಲ್ಲಿ ಇವರು ಸುಮ್ಮನಿರುತ್ತಾರೆ. ದಸರೆಯ ಹೊತ್ತಿಗೆ ಕೆರೆ ತುಂಬಿ, ಕೆಂಪು ನೀರು ತಿಳಿಯಾಗಿ, ಬೆಳಗಿನ ಚಳಿ ಶುರುವಾದಾಗ ಇವರ ಕಾಲ ಬರುತ್ತದೆ. ಎಲ್ಲರೂ ಕಾರ್ಖಾನೆಯಲ್ಲಿ ಮೆಷಿನ್ನಿಗೆ ಆಯುಧಪೂಜೆ ಮಾಡಿದರೆ ಇವರು ಅದನ್ನು ಮುಗಿಸಿ ಬಂದು ಕೆರೆ ಏರಿಯ ಮೇಲೆ ಗಾಳದ ಕೋಲುಗಳನ್ನು ಸಾಲಾಗಿ ಮಲಗಿಸಿ, ಕುಂಕುಮ ಹಚ್ಚಿ, ಚೆಂಡುಹೂ ಸಿಕ್ಕಿಸಿ, ಒಂದು ಕುಂಬಳಕಾಯಿ ಒಡೆಯುತ್ತಾರೆ. ಮಾರನೇ ದಿನದಿಂದ ನನ್ನ ಅಡುಗೆಮನೆಯ ಏಲಕ್ಕಿ ಮಾಯ. ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ, ಬೆಲ್ಲ, ಏಲಕ್ಕಿ ಹಾಕಿ ಮೀನಿಗೆ ಉಂಡೆ ಕಟ್ಟುತ್ತಾರೆ. ನನಗೆ ಒಂದು ದಿನವೂ ಅಷ್ಟು ಪ್ರೀತಿಯಿಂದ ಉಂಡೆ ಕಟ್ಟಿಕೊಟ್ಟವರಲ್ಲ.

ಆ ವರ್ಷ ಕುಂಬಳಕಾಯಿ ಒಡೆಯಲು ನಮ್ಮವರು ಹೋಗಲಿಲ್ಲ. ಕಾರ್ಖಾನೆಯವರು ಪ್ರೆಸ್ ಮೆಷಿನ್ನಿನ ಕೆಲಸದಿಂದ ತೆಗೆದು ಸ್ಟೋರ್ಸಿಗೆ ಹಾಕಿದ್ದರು. ಗಾಡಿಯ ಬೀಗದ ಕೈ ನನ್ನ ಬಳಿ ಇತ್ತು. ಮನೆಯಲ್ಲಿ ಕೂತು, ಹಳೇ ಗಾಳಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಡಬ್ಬಿಗೆ ಹಾಕಿ, ಮತ್ತೆ ತೆಗೆದು ತೊಳೆಯುತ್ತಿದ್ದರು. ಮಾತು ನಿಂತಿತು, ಊಟ ಅರ್ಧಕ್ಕೆ ಇಳಿಯಿತು. ಜಗಳವಾದರೂ ಆಡಲಿ ಎಂದು ಕೆಣಕಿದರೆ ಜಗಳಕ್ಕೂ ಬರಲಿಲ್ಲ. ಕೊನೆಗೆ ನಾನೇ ಸೋತೆ.

"ಹೋಗೋಣ. ಆದ್ರೆ ನಾನೂ ಬರ್ತೀನಿ. ನನ್ನ ಕಣ್ಣೆದುರೇ ಕೂರ್ಬೇಕು."

"ನೀ ಸುಮ್ನ ಅಂಜಾಕತ್ತಿ. ಕೆರಿ ಏನ್ ನನ್ನ ನುಂಗತೈತೇನು?"

"ಅದು ನುಂಗಲ್ಲ. ನೀವೇ ಹೋಗಿ ಅದರ ಬಾಯಿಗೆ ಬೀಳ್ತೀರ."

ಸಂಘದ ಕಾರ್ಯದರ್ಶಿ ರಿಟೈರಾದ ಫೋರ್‌ಮನ್. ಟೂಲ್‌ರೂಮಿನಲ್ಲಿ ಜೀವನ ಕಳೆದವರು, ಯಾವುದಕ್ಕಾದರೂ ಒಂದು ಉಪಾಯ ಹೂಡದೆ ಬಿಡುವವರಲ್ಲ. ಅವರಿಗೆ ವಿಷಯ ಹೇಳಿದೆ. ಮುಂದಿನ ಭಾನುವಾರ ಅವರು ಒಂದು ಗೂಟ, ಒಂದು ಗಟ್ಟಿ ನೈಲಾನ್ ಹಗ್ಗ ತಂದರು. ಗೂಟವನ್ನು ಏರಿಗೆ ಹೊಡೆದು, ಹಗ್ಗದ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ನಮ್ಮವರ ಬೆಲ್ಟಿಗೂ ಕಟ್ಟಿದರು. ನೀರಿನ ಅಂಚಿಗೆ ಮುಟ್ಟದಷ್ಟೇ ಉದ್ದ. ಹಗ್ಗದ ನಡುವೆ ಗೆಜ್ಜೆ ಪೋಣಿಸಿದರು.

"ಯೋಚ್ನೆ ಮಾಡ್ಬೇಡಿ ಅಮ್ಮಾ. ಇವ್ರು ಸ್ವಲ್ಪ ವಾಲಿದ್ರೂ ಗೆಜ್ಜೆ ಬಾರ್ಸುತ್ತೆ. ನಾವೆಲ್ಲ ಇಲ್ಲೇ ಇರ್ತೀವಲ್ಲ."

ಕರು ಕಟ್ಟಿದ ಹಾಗೆ ಕಟ್ಟಿಸಿಕೊಂಡು ಕೂತ ನಮ್ಮವರನ್ನು ನೋಡಿ ನನಗೆ ನಗುವೂ ಬಂತು, ಅಳುವೂ ಬಂತು. ಅವರಿಗೆ ಮಾತ್ರ ಯಾವ ನಾಚಿಕೆಯೂ ಆಗಲಿಲ್ಲ. ಗಾಳ ನೀರಿಗೆ ಬಿದ್ದ ಕೂಡಲೇ ಮುಖಕ್ಕೆ ಕಳೆ ಬಂತು.

ಇವರ ಸಂಘದಲ್ಲಿ ಎಲ್ಲರ ಗಾಳದ ಕೋಲಿನ ತುದಿಗೂ ಒಂದು ಗೆಜ್ಜೆ ಇರುತ್ತದೆ. ಕೋಲನ್ನು ಕವಲು ಕಡ್ಡಿಯ ಮೇಲೆ ಒರಗಿಸಿ ಕೂರುತ್ತಾರೆ. ಮೀನು ಉಂಡೆ ಕಚ್ಚಿ ಎಳೆದರೆ ತುದಿ ಬಾಗಿ ಗೆಜ್ಜೆ ಸದ್ದು ಮಾಡುತ್ತದೆ. ಆಗ ಗಾಳದ ಒಡೆಯನನ್ನು ಬಿಟ್ಟು ಮಿಕ್ಕ ಯಾರೂ ಏಳಬಾರದು, ಮಾತಾಡಬಾರದು. ಏರಿಯ ಮೇಲೆ ಹೆಜ್ಜೆ ಇಟ್ಟರೆ ಆ ಅದುರು ನೀರಿಗೆ ಇಳಿದು ಮೀನು ಬಿಟ್ಟು ಹೋಗುತ್ತದಂತೆ. ಅದಕ್ಕೆ ಎಲ್ಲರೂ ಕೂತಲ್ಲೇ ಉಸಿರು ಹಿಡಿದು ಆ ಕೋಲಿನ ತುದಿಯನ್ನೇ ನೋಡುತ್ತಾರೆ. ಕೆರೆಗೆ ಬಂದ ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು.

ನನಗೂ ಕಲಿಸಿದರು. ನಾನು ಸ್ವಲ್ಪ ಹಿಂದೆ, ನಮ್ಮವರ ಬಲಗಡೆಗೆ, ಒಂದು ಹೊಂಗೆ ಮರದ ಕೆಳಗೆ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆ. ಮೊದಮೊದಲು ಅವರ ಬೆನ್ನಿನಿಂದ ಕಣ್ಣು ಕೀಳುತ್ತಿರಲಿಲ್ಲ. ಬಗ್ಗಿ ಡಬ್ಬಿ ಎತ್ತಿಕೊಂಡರೆ ಕೈಯ ಸೊಪ್ಪು ಕೆಳಗೆ ಬೀಳುತ್ತಿತ್ತು. ಅವರಿಗೆ ಫಿಟ್ಸ್ ಬರುವ ಮುಂಚೆ ಮುಖ ಒಂದು ಕಡೆಗೆ ತಿರುಗುತ್ತದೆ, ಯಾರೋ ಕರೆದ ಹಾಗೆ. ಹಕ್ಕಿ ಕೂಗಿ ಅವರು ಮುಖ ತಿರುಗಿಸಿದರೂ ನಾನು ಎದ್ದು ನಿಲ್ಲುತ್ತಿದ್ದೆ. ಭಾನುವಾರ ಮನೆಗೆ ಬರುವಾಗ ಯಾರೋ ಹೊಡೆದು ಹಾಕಿದ ಹಾಗೆ ಮೈ ನೋಯುತ್ತಿತ್ತು.

ಆದರೆ ಭಯ ಎಷ್ಟು ದಿನ ಅಂತ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ? ನಿಧಾನಕ್ಕೆ ನನಗೂ ಆಟ ಹತ್ತಿತು. ತುದಿ ಚಿಟಚಿಟ ಅಲ್ಲಾಡಿದರೆ ಜಿಲೇಬಿ ಮೀನು ಕಚ್ಚಿ ಕಚ್ಚಿ ನೋಡುತ್ತಿದೆ, ಒಮ್ಮೆಲೇ ಬಾಗಿದರೆ ಕಾಟ್ಲಾ ಎಂದು ಹೇಳುವಷ್ಟು ಕಲಿತೆ. ಗೆಜ್ಜೆ ಕೇಳಿದರೆ ನಾನೂ ಉಸಿರು ಹಿಡಿಯುತ್ತಿದ್ದೆ. ಸೊಪ್ಪಿನ ಜೊತೆ ಕಡ್ಡಿಯನ್ನೂ ಪಾತ್ರೆಗೆ ಹಾಕಿದ್ದೂ ಉಂಟು.

ದೀಪಾವಳಿ ಕಳೆದು ಕಾರ್ತಿಕ ಮುಗಿಯುತ್ತಾ ಬಂದಿದ್ದ ಒಂದು ಭಾನುವಾರ. ಬೆಳಗಿನ ಮಂಜು ಇನ್ನೂ ನೀರಿನ ಮೇಲೆ ಇತ್ತು. ರಾತ್ರಿಯ ಗಾಳಿಗೆ ಕೆರೆಯ ಮೇಲೆ ತೇಲುವ ಅಂತರಗಂಗೆ ಸೊಪ್ಪೆಲ್ಲ ನಾವು ಕೂರುವ ದಡಕ್ಕೇ ಬಂದು ಸೇರಿತ್ತು. ಅದರಾಚೆಗೆ ಗಾಳ ಎಸೆಯಬೇಕಾದರೆ ನಾಲ್ಕು ಹೆಜ್ಜೆ ಕೆಳಗೆ ಇಳಿಯಬೇಕು. ಹಗ್ಗ ಸಾಲದು ಎಂದು ನಮ್ಮವರು ಗೂಟದ ಹತ್ತಿರ ಅದನ್ನು ಒಂದು ಸುತ್ತು ಬಿಚ್ಚಿದರು. ನಾನು ಬೈದೆ. "ಒಂದ್ ಗೇಣ ಬಿಚ್ಚೇನಿ, ಕೂಗಬ್ಯಾಡ, ಮೀನ ಓಡ್ತಾವು" ಎಂದು ಪಿಸುಗುಟ್ಟಿದರು. ಗಾಳ ಎಸೆದು, ಕೋಲನ್ನು ಕವಲಿಗೆ ಒರಗಿಸಿ, ಅಲ್ಲೇ ಕೆಳಗೆ ಒಂದು ಕಲ್ಲಿನ ಮೇಲೆ ಕೂತರು. ನನಗೂ ಅವರಿಗೂ ನಡುವೆ ಎಡಕ್ಕೆ ಸ್ವಲ್ಪ ಜೊಂಡು ಬೆಳೆದಿತ್ತು. ಅವರ ಬಲ ಭುಜ ಕಾಣುತ್ತಿತ್ತು, ಕೋಲು ಚೆನ್ನಾಗಿ ಕಾಣುತ್ತಿತ್ತು.

ನಾನು ದಂಟಿನ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದೆ. ಗೆಜ್ಜೆ ಸದ್ದಾಯಿತು.

ಒಂದು ಸಲ ಘಲ್ ಎಂದಿತು. ಆಮೇಲೆ ಬಿಡದೆ, ಜೋರಾಗಿ. ಅಷ್ಟು ಜೋರು ಗೆಜ್ಜೆಯನ್ನು ಆ ವರ್ಷ ಯಾರೂ ಕೇಳಿರಲಿಲ್ಲ. ಏರಿಯುದ್ದಕ್ಕೂ ಎಲ್ಲರೂ ಸ್ತಬ್ಧ. ನಮ್ಮವರ ಪಕ್ಕದ ಗಾಳದಲ್ಲಿದ್ದ ಐಟಿಯವರೊಬ್ಬರು ಟೀ ಲೋಟವನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಹಾಗೇ ಕೂತರು. ಕಾರ್ಯದರ್ಶಿಗಳು ನಗುತ್ತಾ ಕೈಯಲ್ಲೇ ಇಷ್ಟು ದೊಡ್ಡದು ಎಂದು ನನಗೆ ತೋರಿಸಿದರು. ನಾನೂ ನಕ್ಕೆ. ನಮ್ಮೆಲ್ಲರ ಕಣ್ಣೂ ನಮ್ಮವರ ಗಾಳದ ತುದಿಯ ಮೇಲೆ.

ತುದಿ ಬಾಗಿರಲಿಲ್ಲ.

ಗೆಜ್ಜೆ ಬಾರಿಸುತ್ತಲೇ ಇದೆ, ಕೋಲು ಅಲುಗಾಡದೆ ನಿಂತಿದೆ. ಇದೆಂಥ ಮೀನಪ್ಪ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಆಮೇಲೆ ನನ್ನ ಕಣ್ಣು ಕಲ್ಲಿನ ಕಡೆಗೆ ಹೋಯಿತು. ಕಲ್ಲಿನ ಮೇಲೆ ಯಾರೂ ಇರಲಿಲ್ಲ.

ಕೋಲಿಗೂ ಹಗ್ಗಕ್ಕೂ ಒಂದೇ ಅಂಗಡಿಯ, ಒಂದೇ ಸರದ ಗೆಜ್ಜೆ ಕಟ್ಟಿದ್ದೆವು. ಮನುಷ್ಯ ಬಿದ್ದರೂ ಅದೇ ಸದ್ದು, ಮೀನು ಬಿದ್ದರೂ ಅದೇ ಸದ್ದು. ಗೆಜ್ಜೆ ಕೇಳಿದರೆ ಏಳಬಾರದು ಎಂದು ಕಲಿತವರ ನಡುವೆ, ಏಳಲಿ ಎಂದು ಗೆಜ್ಜೆ ಕಟ್ಟಿ ಕೂತಿದ್ದೆವು. ಅಷ್ಟು ಜನರಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

ಕೂಗಿದೆನೋ ಇಲ್ಲವೋ ನನಗೆ ನೆನಪಿಲ್ಲ. ಕೂಗಿದೆ ಎಂದು ಆಮೇಲೆ ಹೇಳಿದರು. ಓಡಿದ್ದು ಗೊತ್ತು, ಕಾಲಿಗೆ ಸೀರೆ ಸಿಕ್ಕಿ ಜಾರಿಕೊಂಡೇ ಇಳಿದದ್ದು ಗೊತ್ತು. ನಮ್ಮವರು ಬೋರಲಾಗಿ ಬಿದ್ದಿದ್ದರು. ಸೊಂಟದಿಂದ ಕೆಳಗೆ ದಡದಲ್ಲಿ, ತಲೆ ಅಂತರಗಂಗೆಯ ಒಳಗೆ. ಮೊಣಕಾಲುದ್ದವೂ ಇಲ್ಲದ ನೀರು. ಕೈಕಾಲು ಜಾಡಿಸುತ್ತಿದ್ದವು, ಹಗ್ಗ ಬಿಗಿಯಾಗಿ ಅದುರುತ್ತಿತ್ತು, ಗೆಜ್ಜೆ ಬಾರಿಸುತ್ತಲೇ ಇತ್ತು. ಅವರ ಅಂಗಿ ಹಿಡಿದು ಎಳೆದೆ, ಅಲುಗಲಿಲ್ಲ. ಆ ಮನುಷ್ಯ ಅಷ್ಟು ಭಾರ ಎಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಐಟಿಯವರು ತಮ್ಮ ಕೋಲು ಎಸೆದು ನೀರಿಗೇ ಧುಮುಕಿ ಭುಜಕ್ಕೆ ಕೈ ಹಾಕಿದರು. "ಅಕ್ಕಾ, ತಲೆ ಹಿಡ್ಕೊಳ್ಳಿ, ತಲೆ!" ಎಂದು ಕಿರುಚಿದರು. ಇಬ್ಬರೂ ಸೇರಿ ಮೇಲೆ ಎಳೆದು, ಮಗ್ಗುಲಿಗೆ ಮಲಗಿಸಿದೆವು.

ಮುಖ ನೀಲಿಯಾಗಿತ್ತು. ಬಾಯಲ್ಲಿ ಕೆಸರು, ಸೊಪ್ಪಿನ ಬೇರು. ಬೆರಳು ಹಾಕಿ ತೆಗೆದೆ. ಕಾರ್ಯದರ್ಶಿಗಳು ತಮ್ಮ ಮನೆಯ ಬೀಗದ ಕೈ ಗೊಂಚಲನ್ನು ಅವರ ಮುಷ್ಟಿಗೆ ತುರುಕಿದರು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ಆದರೂ ಬೇಡ ಎನ್ನಲಿಲ್ಲ. ಆ ಹೊತ್ತಿನಲ್ಲಿ ಕಲ್ಲು ಕೊಟ್ಟಿದ್ದರೂ ಹಿಡಿಸುತ್ತಿದ್ದೆ. ಜಾಡಿಸುವುದು ನಿಂತಿತು. ಅದು ನಿಂತಾಗ ಗೆಜ್ಜೆಯೂ ನಿಂತಿತು. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ಮೌನ ಇನ್ನೊಂದು ಕೇಳಿಲ್ಲ. ಎದೆಗೆ ಕಿವಿ ಇಟ್ಟರೆ ನನ್ನದೇ ಎದೆಬಡಿತ ಕೇಳುತ್ತಿತ್ತು, ಅವರದು ಯಾವುದು ನನ್ನದು ಯಾವುದು ತಿಳಿಯಲಿಲ್ಲ.

ಆಮೇಲೆ ಅವರು ಕೆಮ್ಮಿದರು. ನನ್ನ ಮಡಿಲಿಗೆಲ್ಲ ಕೆರೆ ನೀರು ಕಕ್ಕಿದರು. ನಾನು ಕುಸಿದು ಕೂತು ಗಟ್ಟಿಯಾಗಿ ಅತ್ತೆ.

ಐಟಿಯವರ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ಶ್ವಾಸಕೋಶಕ್ಕೆ ನೀರು ಹೋಗಿತ್ತು, ಜ್ವರ ಬಂತು, ಇಳಿಯಿತು. ಮನೆಗೆ ಕರೆತಂದ ದಿನ ಗಾಳದ ಡಬ್ಬಿಯನ್ನು ಅಟ್ಟದ ಮೇಲೆ ಎಸೆದು, "ಇನ್ನು ಕೆರೆ ಅಂದ್ರೆ ನಾನು ಮನುಷ್ಯಳಾಗಿರಲ್ಲ" ಎಂದೆ. ಅವರು ಆಯಿತು ಎಂದರು. ಅಷ್ಟು ಬೇಗ ಆಯಿತು ಎಂದದ್ದೇ ನನಗೆ ಇನ್ನಷ್ಟು ಭಯ ಹುಟ್ಟಿಸಿತು.

ನನ್ನ ಭಯ ಮನೆಯೊಳಗೂ ಬಂದು ಸೇರಿಕೊಂಡಿತ್ತು. ಬೀದಿಯಲ್ಲಿ ಐಸ್‌ಕ್ಯಾಂಡಿ ಗಾಡಿಯ ಗಂಟೆ ಕೇಳಿದರೆ ಓಡಿ ಬಂದು ಅವರನ್ನು ನೋಡುತ್ತಿದ್ದೆ. ಪಕ್ಕದ ಮನೆಯ ಮಗು ಕಾಲ್ಗೆಜ್ಜೆ ಹಾಕಿಕೊಂಡು ಓಡಾಡಿದರೂ ಅಷ್ಟೇ. ಬಚ್ಚಲುಮನೆಯ ಚಿಲಕ ಕಿತ್ತು ಹಾಕಿಸಿದೆ. ಅವರು ಸ್ನಾನ ಮಾಡುವಷ್ಟು ಹೊತ್ತೂ ಬಾಗಿಲ ಹೊರಗೆ ನಿಂತು ಮಾತಾಡಿಸುತ್ತಿದ್ದೆ. ಅವರು ಉತ್ತರ ಕೊಡುತ್ತಲೇ ಮೈ ತೊಳೆಯುತ್ತಿದ್ದರು. ಒಂದು ಬೆಳಿಗ್ಗೆ ಒಳಗಿನಿಂದಲೇ ಕೇಳಿದರು:

"ಮನ್ಯಾಗ ಕುಂತ್ರೂ ನೀ ಅಂಜತೀ, ಕೆರಿಗೆ ಹೋದ್ರೂ ಅಂಜತೀ. ಹಂಗಾರ ಕೆರಿಗೇ ಹೋಗೂಣಲ್ಲ?"

ನಾನು ಬಾಗಿಲ ಸಂದಿಯಿಂದ ಟವೆಲ್ ಒಳಗೆ ಕೊಟ್ಟೆ.

ಕಾರ್ಯದರ್ಶಿಗಳು ಮನೆಗೆ ಬಂದರು. ಸಂಘದಲ್ಲಿ ಕೆಲವರು, ಇನ್ನು ನಮ್ಮವರನ್ನು ಕರೆಸುವುದು ಬೇಡ, ಏನಾದರೂ ಆದರೆ ಯಾರು ಹೊಣೆ ಎಂದರಂತೆ. ಅದನ್ನು ಮುಚ್ಚಿಡದೆ ಹೇಳಿದರು. "ಅವ್ರು ಬರ್ದಿದ್ರೆ ನಮಗೂ ನೆಮ್ಮದಿ ಅಮ್ಮಾ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಆ ಜಾಗ ಖಾಲಿ ನೋಡೋಕಾಗಲ್ಲ" ಎಂದರು. ಹಗ್ಗಕ್ಕೆ ಈಗ ಹಸುವಿನ ಕೊರಳಿನ ದಪ್ಪ ಗಂಟೆ ತಂದಿದ್ದರು. ಹಗ್ಗವನ್ನು ಬಿಚ್ಚಲು ಬಾರದ ಹಾಗೆ ಬೋಲ್ಟ್ ಹಾಕಿದ್ದರು. ತೇಲುವ ಜಾಕೆಟ್ ಒಂದನ್ನು ಐಟಿಯವರು ಕಳಿಸಿದ್ದರು. ಅದೆಲ್ಲ ಸಾಲದೆಂದು ಒಂದು ಹೊಸ ಕಾನೂನು ಮಾಡಿದ್ದು ಮಾತ್ರ ನಮ್ಮವರೇ: ಯಾರ ಗೆಜ್ಜೆ ಕೇಳಿದರೂ ಎಲ್ಲರೂ ಮೊದಲು ಮನುಷ್ಯನನ್ನು ನೋಡಬೇಕು. ಗೆಜ್ಜೆಯ ಒಡೆಯ ಮೊದಲು ಕೈ ಎತ್ತಿ ತಾನು ನೆಟ್ಟಗಿದ್ದೇನೆ ಎಂದು ತೋರಿಸಬೇಕು, ಆಮೇಲೆ ಗಾಳ ಮುಟ್ಟಬೇಕು.

ನಾನೇ ಅಟ್ಟದಿಂದ ಗಾಳದ ಡಬ್ಬಿ ಇಳಿಸಿಕೊಟ್ಟೆ. ಧನುರ್ಮಾಸದ ಚಳಿಯಲ್ಲಿ ಮತ್ತೆ ಹೋದೆವು. ನಾನು ಸೊಪ್ಪು ತೆಗೆದುಕೊಂಡು ಹೋಗಲಿಲ್ಲ. ಬರಿಗೈಲಿ ಹೊಂಗೆ ಮರದ ಕೆಳಗೆ ಕೂತು, ಜೊಂಡಿನ ಬಲಕ್ಕೆ ಕಾಣುತ್ತಿದ್ದ, ಜಾಕೆಟ್ ತೊಟ್ಟ ಆ ಬೆನ್ನನ್ನೇ ನೋಡಿದೆ. ಬಿಸಿಲು ಏರುವ ಹೊತ್ತಿಗೆ ಅವರ ಗೆಜ್ಜೆ ಸದ್ದಾಯಿತು. ಕೋಲಿನ ತುದಿ ನೀರಿಗೆ ಮುಟ್ಟುವಷ್ಟು ಬಾಗಿತ್ತಂತೆ, ನಾನು ನೋಡಲಿಲ್ಲ. ಏರಿಯುದ್ದಕ್ಕೂ ಒಬ್ಬರೂ ನೀರು ನೋಡಲಿಲ್ಲ. ಆ ಒಂದು ಗಳಿಗೆ ಅವರು ಅಲುಗಲಿಲ್ಲ. ಆಮೇಲೆ ಅವರ ಕೈ ಮೇಲೆ ಬಂತು. ಬಲಗೈ, ಬೆರಳು ಅಗಲಿಸಿಕೊಂಡು, ತಲೆಯ ಮೇಲೆ ಎತ್ತರಕ್ಕೆ. ಆ ಕೈ ಇಳಿದು ಕೋಲು ಹಿಡಿಯುವಷ್ಟರಲ್ಲಿ ದಾರ ಸಡಿಲವಾಗಿತ್ತು. ಮೀನು ಹೋಗಿತ್ತು.

ಆ ಚಳಿಗಾಲವಿಡೀ ಹೀಗೇ ಆಯಿತು. ಸಣ್ಣಪುಟ್ಟ ಜಿಲೇಬಿ ಸಿಕ್ಕವು. ದೊಡ್ಡದು ಒಂದೂ ಅವರ ಕೈಗೆ ಬರಲಿಲ್ಲ. ಕೊನೆಗೆ ನನಗೇ ಹೊಟ್ಟೆ ಉರಿಯಿತು.

"ಎಡಗೈ ಎತ್ತಬಾರ್ದಾ? ಬಲಗೈ ಕೋಲಿನ ಮೇಲೇ ಇರ್ಲಿ. ಮೀನಾದ್ರೂ ಉಳಿಯುತ್ತೆ."

ಅವರು ಮೀನಿಗೆ ಉಂಡೆ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ.

"ಎಡಗೈ ಎತ್ತಿದ್ರ ಜೊಂಡು ಅಡ್ಡ ಬರ್ತೈತಿ. ನಿನಗ ಕಾಣೂದಿಲ್ಲ."

ನಾನು ಎದ್ದು ಹೋಗಿ ಏಲಕ್ಕಿ ಡಬ್ಬಿ ತಂದು ಅವರ ಪಕ್ಕದಲ್ಲಿ ಇಟ್ಟೆ.